ಒದ್ದೆ ರಸ್ತೆಗೆ ರೇಸಿನ ಪಾಠ: ಯಾವುದು ಬೇಕು, ಯಾವುದು ಬೇಡ

ಜೂನ್ ತಿಂಗಳ ಮಳೆಯಲ್ಲಿ ಹೆಜಮಾಡಿ ಟೋಲ್ ಗೇಟಿನ ಬಳಿ ಹತ್ತು ನಿಮಿಷ ನಿಂತರೆ ಸಾಕು, ಒದ್ದೆ ರಸ್ತೆಯಲ್ಲಿ ಕಾರು ಹೇಗೆ ಓಡಿಸಬಾರದು ಎಂಬ ಪಾಠ ಅರ್ಧ ಅಲ್ಲೇ ಮುಗಿಯುತ್ತದೆ. ಸರದಿಯಲ್ಲಿ ನಿಂತ ಲಾರಿ, ಟೆಂಪೊಗಳಿಂದ ತೊಟ್ಟಿಕ್ಕಿದ ಆಯಿಲ್ ನೆಲದ ಮೇಲೆ ಬಣ್ಣಬಣ್ಣವಾಗಿ ಹರಡಿರುತ್ತದೆ. ಮೇಲಿನಿಂದ ಮಳೆ. ಗೇಟು ಏಳುವುದೇ ತಡ, ಕಳೆದುಹೋದ ಎರಡು ನಿಮಿಷವನ್ನು ಅಲ್ಲೇ ವಸೂಲಿ ಮಾಡುವವರಂತೆ ಆ್ಯಕ್ಸಿಲರೇಟರ್ ಒತ್ತುತ್ತಾರೆ. ಮುಂದಿನ ಚಕ್ರಗಳು ಇದ್ದಲ್ಲೇ ಗಿರಗಿರ ತಿರುಗಿ, ಮೂತಿ ಒಂದಿಷ್ಟು ಪಕ್ಕಕ್ಕೆ ಹೊರಳಿ, ಆಮೇಲೆ ಕಾರು ಮುಂದೆ ಹೋಗುತ್ತದೆ. ರೇಸಿನವರು ಇದನ್ನು ವೀಲ್‌ಸ್ಪಿನ್ ಎನ್ನುತ್ತಾರೆ. ಅಲ್ಲಿ ಇದಕ್ಕೆ ಮೆಚ್ಚುಗೆ ಇಲ್ಲ. ಚಕ್ರ ಸುಮ್ಮನೆ ತಿರುಗಿದಷ್ಟು ಹೊತ್ತು ಗಡಿಯಾರ ಓಡುತ್ತಿರುತ್ತದೆ, ಕಾರು ಓಡುತ್ತಿರುವುದಿಲ್ಲ.

ಮಳೆಯಲ್ಲಿ ಕಾರು ಓಡಿಸಿ ಸೆಕೆಂಡುಗಳಿಗಾಗಿ ಸೆಣಸುವ ಹವ್ಯಾಸಿಗಳಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಾ ಓಡಾಡುವ ನಮಗೆ ಕಲಿಯಲು ಬೇಕಾದಷ್ಟಿದೆ. ಕಲಿಯಬಾರದ್ದೂ ಇದೆ. ಟ್ರ್ಯಾಕಿನಲ್ಲಿ ಜಾಣತನ ಎನಿಸಿಕೊಳ್ಳುವ ಕೆಲವು ಅಭ್ಯಾಸಗಳು ಹೆದ್ದಾರಿಗೆ ಬಂದರೆ ಜೀವಕ್ಕೇ ಎರವಾಗುತ್ತವೆ. ಹಾಗಾಗಿ ಎರಡನ್ನೂ ಬೇರೆ ಮಾಡಿ ನೋಡುವುದು ಒಳ್ಳೆಯದು.

ಕರಾವಳಿಗೆ ಈ ಆಟ ಹೊಸದಲ್ಲ. ದೇಶದ ರ‍್ಯಾಲಿಗಳಲ್ಲಿ ದೊಡ್ಡ ಹೆಸರು ಮಾಡಿದ ಸಹಚಾಲಕ ಮೂಸಾ ಶರೀಫ್ ಕಾಸರಗೋಡಿನವರು. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಗಳು ಮಾತ್ರವಲ್ಲ, 2016ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತೂ ನಡೆದಿದೆ. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ್’ ತಂಡ ತಾನೇ ರೇಸ್ ಕಾರು ಕಟ್ಟಿ ಸ್ಪರ್ಧೆಗೆ ಒಯ್ಯುತ್ತದೆ. ಡಾಂಬರು ಟ್ರ್ಯಾಕ್ ಬೇಕೆಂದರೆ ಮಾತ್ರ ಇಲ್ಲಿಯವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈಗೋ ಹೋಗಬೇಕು. ಹವ್ಯಾಸಿಗಳಿಗೆ ಹತ್ತಿರದ್ದು ಆಟೋಕ್ರಾಸ್: ಮೈದಾನದಲ್ಲಿ ಕೋನ್‌ಗಳನ್ನು ಇಟ್ಟು ದಾರಿ ಗುರುತಿಸಿ, ಗಡಿಯಾರಕ್ಕೆ ಎದುರಾಗಿ ಓಡಿಸುವುದು. ನಮ್ಮ ಕೆಂಪು ಮಣ್ಣಿನ ಮೈದಾನಕ್ಕೆ ಒಂದು ಮಳೆ ಬಿದ್ದರೆ, ಬೆಳಿಗ್ಗೆ ಎರಡನೇ ಗೇರಿನಲ್ಲಿ ತಿರುಗಿಸಿದ ಮೂಲೆಯಲ್ಲಿ ಮಧ್ಯಾಹ್ನ ಮೊದಲ ಗೇರಿನಲ್ಲೂ ಕಾರು ನಿಲ್ಲುವುದಿಲ್ಲ.

ಟೈರು ಮೊದಲು, ಉಳಿದದ್ದೆಲ್ಲ ಆಮೇಲೆ

ಮಳೆ ಬರುವ ಸೂಚನೆ ಕಂಡರೆ ರೇಸಿನವರ ಮೊದಲ ಮಾತು ಟೈರಿನದು. ಫಾರ್ಮುಲಾ ಒನ್‌ನ ಪೂರ್ಣ ಮಳೆ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರನ್ನು ಆಚೆ ತಳ್ಳುತ್ತದೆ ಎಂದು ಅದನ್ನು ತಯಾರಿಸುವ ಪಿರೆಲ್ಲಿ ಕಂಪನಿ ಹೇಳುತ್ತದೆ. ನಿಮ್ಮ ಸ್ವಿಫ್ಟ್ ಅಥವಾ ಐ20 ಕಾರಿನ ಟೈರಿನಲ್ಲಿರುವ ಕಚ್ಚುಗಳು ಮಾಡುವುದೂ ಇದೇ ಕೆಲಸ, ಸಣ್ಣ ಪ್ರಮಾಣದಲ್ಲಿ. ಕಚ್ಚು ಸವೆದರೆ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಆಗ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಏರುತ್ತದೆ, ಕಾರು ಆ ಕ್ಷಣಕ್ಕೆ ದೋಣಿಯಾಗುತ್ತದೆ. ದೋಣಿಗಾದರೂ ಚುಕ್ಕಾಣಿ ಇದೆ. ತೇಲುವ ಕಾರಿನ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಇದೇ ಆಕ್ವಾಪ್ಲೇನಿಂಗ್.

ಇದಕ್ಕೊಂದು ಹಳೆಯ ಲೆಕ್ಕವಿದೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಮಾನದ ಟೈರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಟೈರು ತೇಲಲು ಶುರುಮಾಡುವ ವೇಗ ಅದರೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ ಎಂದು ತಿಳಿಯಿತು. ಆ ಸೂತ್ರದ ಪ್ರಕಾರ 32 ಪಿಎಸ್‌ಐ ಗಾಳಿ ಇದ್ದರೆ ಸುಮಾರು 94 ಕಿ.ಮೀ. ವೇಗದಲ್ಲಿ, 24 ಪಿಎಸ್‌ಐಗೆ ಇಳಿದಿದ್ದರೆ ಸುಮಾರು 82 ಕಿ.ಮೀ. ವೇಗದಲ್ಲೇ ತೇಲಾಟ ಶುರು. ಕಾರಿನ ಟೈರಿನ ಅಗಲ, ಸವೆತ, ನೀರಿನ ಆಳ ಸೇರಿದರೆ ಲೆಕ್ಕ ಬದಲಾಗುತ್ತದೆ. ಸವೆದ ಟೈರು ಇನ್ನೂ ಬೇಗ ತೇಲುತ್ತದೆ. ಆದರೆ ದಿಕ್ಕು ಸ್ಪಷ್ಟ: ಗಾಳಿ ಕಡಿಮೆಯಾದಷ್ಟೂ ಅಪಾಯ ಹತ್ತಿರ. ‘ಮಳೆಗಾಲದಲ್ಲಿ ಸ್ವಲ್ಪ ಗಾಳಿ ಇಳಿಸಿ, ಹಿಡಿತ ಬರ್ತದೆ’ ಎಂಬ ಸಲಹೆ ನಮ್ಮ ಕಡೆ ಧಾರಾಳವಾಗಿ ಸಿಗುತ್ತದೆ. ಅದು ಕೆಸರಿನಲ್ಲಿ, ಸಮುದ್ರ ತೀರದ ಮರಳಿನಲ್ಲಿ ಜೀಪು ಓಡಿಸುವವರ ಉಪಾಯ. ಡಾಂಬರಿಗೆ ಅದು ಹೊಂದುವುದಿಲ್ಲ. ಚಾಲಕನ ಬಾಗಿಲಿನ ಒಳ ಅಂಚಿನಲ್ಲಿ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಗಾಳಿ ಇರಲಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿಸಿ, ಹದಿನೈದು ದಿನಕ್ಕೊಮ್ಮೆಯಾದರೂ. ಸ್ಟೆಪ್ನಿಯನ್ನೂ ಮರೆಯಬೇಡಿ.

ಸವೆತ ನೋಡುವುದೂ ಸುಲಭ. ಟೈರಿನ ಬದಿಯಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಕಚ್ಚಿನೊಳಗೆ ಬೆರಳಿಟ್ಟರೆ ಒಂದು ಸಣ್ಣ ದಿಬ್ಬ ಸಿಗುತ್ತದೆ. ಟೈರಿನ ಮೈ ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ. ಮಾತ್ರ. ಕಾನೂನಿನ ಕೊನೆಯ ಗೆರೆ ಅದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಆ ಗೆರೆಯವರೆಗೆ ಕಾಯುವುದು ಜಿಪುಣತನ. 3 ಮಿ.ಮೀ.ಗೆ ಬಂದಾಗಲೇ, ಅದೂ ಮೇ ತಿಂಗಳಲ್ಲೇ ಬದಲಿಸಿಬಿಡಿ. ಕಚ್ಚು ಚೆನ್ನಾಗಿದ್ದರೂ ವಯಸ್ಸು ನೋಡಬೇಕು. ಬದಿಯಲ್ಲಿ 2319 ಎಂದು ನಾಲ್ಕು ಅಂಕಿ ಇದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ವರ್ಷಾನುಗಟ್ಟಲೆ ಬಿಸಿಲಿಗೆ ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಒಂದು ಹೊತ್ತಿಗೆ ಒಂದೇ ಕೆಲಸ

ಟೈರಿಗೆ ಇರುವ ಹಿಡಿತದ ಶಕ್ತಿ ಒಂದು ಮಿತಿಯದು. ಅದನ್ನು ಬ್ರೇಕಿಗೂ ಬಳಸಬಹುದು, ತಿರುವಿಗೂ ಬಳಸಬಹುದು, ವೇಗ ಹೆಚ್ಚಿಸಲೂ ಬಳಸಬಹುದು. ಒಣ ರಸ್ತೆಯಲ್ಲಿ ಹಿಡಿತ ಧಾರಾಳ ಇರುವುದರಿಂದ ಎರಡು ಕೆಲಸ ಒಟ್ಟಿಗೆ ಮಾಡಿಸಿದರೂ ಕಾರು ಸಹಿಸಿಕೊಳ್ಳುತ್ತದೆ. ಒದ್ದೆಯಲ್ಲಿ ಸಹಿಸುವುದಿಲ್ಲ. ಆದ್ದರಿಂದ ಹೊಸಬರಿಗೆ ಮಳೆಯಲ್ಲಿ ಕಲಿಸುವ ಕ್ರಮ ಇದು: ಕಾರು ನೇರವಾಗಿರುವಾಗಲೇ ಬ್ರೇಕ್ ಹಾಕಿ ಮುಗಿಸು, ಬ್ರೇಕ್ ಬಿಟ್ಟ ಮೇಲೆ ಸ್ಟಿಯರಿಂಗ್ ತಿರುಗಿಸು, ಸ್ಟಿಯರಿಂಗ್ ನೇರಕ್ಕೆ ಬರತೊಡಗಿದ ಮೇಲೆ ಆ್ಯಕ್ಸಿಲರೇಟರ್ ಕೊಡು.

ಪಡುಬಿದ್ರಿಯಿಂದ ಬೆಳ್ಮಣ್, ನಿಟ್ಟೆ ಮೂಲಕ ಕಾರ್ಕಳಕ್ಕೆ ಹೋಗುವ ರಾಜ್ಯ ಹೆದ್ದಾರಿ 1 ಇದನ್ನು ಅಭ್ಯಾಸ ಮಾಡಲು ಹೇಳಿ ಮಾಡಿಸಿದ ದಾರಿ, 40 ಕಿ.ಮೀ. ವೇಗದಲ್ಲಿ. ತಿರುವಿಗೆ ಮೊದಲೇ ಮೂರನೇ ಗೇರಿಗೆ ಬನ್ನಿ, ತಿರುವಿನೊಳಗೆ ಕಾಲು ಬ್ರೇಕಿನ ಮೇಲೆ ಇರದಂತೆ ನೋಡಿಕೊಳ್ಳಿ. ಪಕ್ಕದಲ್ಲಿ ಕೂತವರ ತಲೆ ಮುಂದಕ್ಕೋ ಬದಿಗೋ ಜೋಲಿ ಹೊಡೆಯದಿದ್ದರೆ ಸರಿಯಾಗಿ ಓಡಿಸುತ್ತಿದ್ದೀರಿ ಎಂದು ಅರ್ಥ. ಮಳೆಯಲ್ಲಿ ವೇಗದ ಚಾಲಕರು ನೋಡುವವರಿಗೆ ನಿಧಾನ ಇದ್ದಂತೆ ಕಾಣುತ್ತಾರೆ. ಕೈಕಾಲಿನಲ್ಲಿ ಅವಸರವಿರುವುದಿಲ್ಲ. ಈ ಮೆದುತನ ಒಂದನ್ನು ಕಲಿತರೆ ರೇಸಿನಿಂದ ಕಲಿಯಬೇಕಾದ್ದು ಮುಕ್ಕಾಲು ಪಾಲು ಕಲಿತಂತೆ.

ಬ್ರೆಜಿಲಿನ ಐರ್ಟನ್ ಸೆನ್ನಾ ಹುಡುಗನಾಗಿದ್ದಾಗ ಮಳೆಯ ಕಾರ್ಟ್ ರೇಸಿನಲ್ಲಿ ಸೋತು, ಆಮೇಲೆ ಮಳೆ ಬಂದಾಗಲೆಲ್ಲ ಕಾರ್ಟ್ ಹೊರಗೆ ತಂದು ಅಭ್ಯಾಸ ಮಾಡುತ್ತಿದ್ದ ಎಂಬ ಕತೆ ಪ್ರಸಿದ್ಧ. ಅದೇ ಸೆನ್ನಾ 1993ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ಮಳೆಯಲ್ಲಿ ನಡೆದ ಫಾರ್ಮುಲಾ ಒನ್ ರೇಸಿನ ಮೊದಲ ಸುತ್ತಿನ ಆರಂಭದಲ್ಲಿ ಐದನೇ ಸ್ಥಾನದಲ್ಲಿದ್ದವನು ಸುತ್ತು ಮುಗಿಯುವಷ್ಟರಲ್ಲಿ ಮೊದಲಿಗನಾದ. ಮಳೆಯಲ್ಲಿ ಪಥದ ಆಯ್ಕೆಯೂ ಮುಖ್ಯ. ಒಣ ಟ್ರ್ಯಾಕಿನಲ್ಲಿ ಎಲ್ಲರೂ ಹೋಗುವ ಪಥದಲ್ಲಿ ಟೈರಿನ ರಬ್ಬರು ಮೆತ್ತಿಕೊಂಡು ನುಣುಪಾಗಿರುತ್ತದೆ. ಮಳೆ ಬಿದ್ದರೆ ಎಲ್ಲಕ್ಕಿಂತ ಹೆಚ್ಚು ಜಾರುವುದು ಅದೇ. ಅನುಭವಸ್ಥರು ಅದನ್ನು ಬಿಟ್ಟು ಆಚೆಯ ಒರಟು ಡಾಂಬರನ್ನು ಹುಡುಕುತ್ತಾರೆ.

ಈ ಮಾತು ಹೆದ್ದಾರಿಗೆ ಬರುವಾಗ ಸ್ವಲ್ಪ ಬದಲಾಗುತ್ತದೆ. ಎಡ ಲೇನಿನಲ್ಲಿ ಲಾರಿಗಳ ಚಕ್ರ ಓಡಿ ಓಡಿ ಎರಡು ಉದ್ದ ತಗ್ಗು ಬಿದ್ದಿದ್ದರೆ ನೀರು ನಿಲ್ಲುವುದು ಅಲ್ಲೇ. ನಿಮ್ಮ ಲೇನಿನೊಳಗೇ ಒಂದು ಅಡಿ ಆಚೀಚೆ ಸರಿದರೆ ಚಕ್ರ ದಿಬ್ಬದ ಮೇಲೆ ಬರುತ್ತದೆ. ಲೇನ್ ದಾಟುವ ಅಗತ್ಯವಿಲ್ಲ. ಮುಂದಿನ ಕಾರಿನ ಟೈರು ನೀರನ್ನು ಬದಿಗೆ ತಳ್ಳಿ ಬಿಟ್ಟ ಎರಡು ಗೆರೆ ಕೆಲವು ಕ್ಷಣ ಕಾಣುತ್ತದೆ, ಅಂತರ ಇಟ್ಟುಕೊಂಡೇ ಅದರ ಮೇಲೆ ಹೋಗಿ. ಆದರೆ ತಿರುವಿನಲ್ಲಿ ರಸ್ತೆಯ ಪೂರ್ತಿ ಅಗಲ ಬಳಸಿ ಒಳಅಂಚಿಗೆ ಕತ್ತರಿಸುವ ರೇಸಿಂಗ್ ಲೈನನ್ನು ದಯವಿಟ್ಟು ಟ್ರ್ಯಾಕಿನಲ್ಲೇ ಬಿಟ್ಟು ಬನ್ನಿ. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಇಲ್ಲಿ ಟೈಮಿಗೆ ಸ್ಟ್ಯಾಂಡ್ ಮುಟ್ಟಲೇಬೇಕಾದ ಬಸ್ಸು ಬರುತ್ತದೆ.

ಬ್ರೇಕಿನ ಬಗ್ಗೆಯೂ ಹೀಗೇ. ಚಕ್ರ ಲಾಕ್ ಆಗುವ ಅಂಚಿನವರೆಗೆ ಅಳೆದು ಒತ್ತುವುದು ರೇಸಿನವರ ಕೈಚಳಕ, ಅಲ್ಲ, ಕಾಲ್ಚಳಕ. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ಆ ಕೆಲಸವನ್ನು ತಾನೇ ಮಾಡುವ ಎಬಿಎಸ್ ಕಡ್ಡಾಯ. ಎಬಿಎಸ್ ಇದ್ದರೆ ತುರ್ತಿನಲ್ಲಿ ಮಾಡಬೇಕಾದ್ದು ಒಂದೇ: ಪೂರ್ತಿ ಒತ್ತಿ, ಒತ್ತಿಯೇ ಹಿಡಿಯಿರಿ. ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ, ಕೆಲವರು ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬೇಡಿ, ಅದು ಕೆಲಸ ಮಾಡುತ್ತಿರುವ ಗುರುತು. ಎಬಿಎಸ್ ಬಂದ ಮಾತ್ರಕ್ಕೆ ಒದ್ದೆ ರಸ್ತೆ ಒಣಗುವುದಿಲ್ಲ ಎಂಬುದೂ ನೆನಪಿರಲಿ. ಒಳ್ಳೆಯ ಟೈರು, ಮಾಮೂಲಿ ಡಾಂಬರು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 80 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಕಾರು ಒಣಗಿದಲ್ಲಿ ಸುಮಾರು 34 ಮೀಟರ್‌ಗೆ ನಿಲ್ಲುತ್ತದೆ, ಒದ್ದೆಯಲ್ಲಿ ಸುಮಾರು 56 ಮೀಟರ್ ಬೇಕು. ಕಣ್ಣು ಕಂಡದ್ದು ಕಾಲಿಗೆ ಮುಟ್ಟಲು ಒಂದು ಸೆಕೆಂಡ್ ಹಿಡಿದರೆ ಅದಕ್ಕೆ 22 ಮೀಟರ್ ಸೇರಿಸಿ. ಮುಂದಿನ ವಾಹನ ಒಂದು ಲೈಟ್ ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ನಾಲ್ಕು ಸೆಕೆಂಡ್ ಆಗಬೇಕು, ಎಂದರೆ ಈ ವೇಗಕ್ಕೆ 89 ಮೀಟರ್. ಅಷ್ಟು ಜಾಗ ಬಿಟ್ಟರೆ ನಡುವೆ ಇನ್ನೊಬ್ಬ ನುಗ್ಗುತ್ತಾನೆ ಎನ್ನುತ್ತೀರಾ? ನುಗ್ಗಲಿ. ಮತ್ತೆ ನಾಲ್ಕು ಸೆಕೆಂಡ್ ಬಿಡಿ.

ಕಾರು ಜಾರಿಯೇಬಿಟ್ಟರೆ? ನೀರಿನ ಮೇಲೆ ತೇಲಿದಾಗ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಬ್ರೇಕ್ ಮುಟ್ಟದೆ, ಸ್ಟಿಯರಿಂಗ್ ನೇರ ಹಿಡಿದು, ಆ್ಯಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ಎತ್ತಿ. ಚಕ್ರ ಮತ್ತೆ ರಸ್ತೆ ಹಿಡಿಯುವಾಗ ಸ್ಟಿಯರಿಂಗ್ ಸೊಟ್ಟಗಿದ್ದರೆ ಕಾರು ಆ ಕಡೆಗೇ ಹಾರುತ್ತದೆ. ತಿರುವಿನಲ್ಲಿ ಮೂತಿ ತಿರುಗದೆ ನೇರ ಹೋಗುತ್ತಿದ್ದರೆ ಸ್ಟಿಯರಿಂಗ್ ಇನ್ನಷ್ಟು ತಿರುಗಿಸಬೇಕೆಂದು ಕೈ ಹೇಳುತ್ತದೆ. ಕೈಯ ಮಾತು ಕೇಳಬೇಡಿ. ವೇಗ ಇಳಿಯಲು ಬಿಟ್ಟು, ಸ್ಟಿಯರಿಂಗ್ ಒಂದಿಷ್ಟು ಸಡಿಲಿಸಿದರೆ ಮುಂದಿನ ಚಕ್ರಕ್ಕೆ ಹಿಡಿತ ಮರಳುತ್ತದೆ. ಹಿಂಬದಿ ಜಾರಿದರೆ ಕಣ್ಣು ಹೋಗಬೇಕಾದ ಕಡೆಗೆ ಇರಲಿ, ಕೈ ಅದನ್ನು ಹಿಂಬಾಲಿಸುತ್ತದೆ. ಆಟೋಕ್ರಾಸಿನವರು ಕಾರು ಜಾರದಂತೆ ತಡೆಯುವ ಇಎಸ್‌ಸಿ ಗುಂಡಿ ಒತ್ತಿ ಆಫ್ ಮಾಡುವುದನ್ನು ವಿಡಿಯೊಗಳಲ್ಲಿ ನೋಡಿರಬಹುದು. ನಿಮ್ಮ ಕಾರಿನಲ್ಲಿ ಅದು ಯಾವಾಗಲೂ ಆನ್ ಇರಲಿ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಮಾತ್ರ ಬೇಡ.

ದಾರಿಯನ್ನು ಬರೆದಿಟ್ಟುಕೊಳ್ಳಿ

ರ‍್ಯಾಲಿ ಶುರುವಾಗುವ ಮೊದಲು ಚಾಲಕ ಮತ್ತು ಸಹಚಾಲಕ ನಿಧಾನವಾಗಿ ದಾರಿಯನ್ನೆಲ್ಲ ನೋಡಿ ಬರುತ್ತಾರೆ. ಎಷ್ಟು ಮೀಟರ್ ಆದ ಮೇಲೆ ಎಡ ತಿರುವು, ಎಷ್ಟು ಕಡಿದು, ಎಲ್ಲಿ ಕಲ್ಲಿದೆ, ಎಲ್ಲಿ ಕತ್ತರಿಸಬಾರದು ಎಂದು ಸಂಕೇತದಲ್ಲಿ ಬರೆದುಕೊಳ್ಳುತ್ತಾರೆ. ಸ್ಪರ್ಧೆಯ ಹೊತ್ತಿಗೆ ಸಹಚಾಲಕ ಅದನ್ನು ಓದುತ್ತಾ ಹೋಗುತ್ತಾನೆ. ಮೂಸಾ ಶರೀಫರಂಥವರ ಕಸುಬು ಇದೇ. ದಿನಾ ಹೆಜಮಾಡಿಯಿಂದ ಉಡುಪಿಗೋ ಮಂಗಳೂರಿಗೋ ಹೋಗುವವರಿಗೆ ಇಂಥದೊಂದು ಪುಸ್ತಕ ತಲೆಯೊಳಗೆ ಇರಬೇಕು. ಡಿವೈಡರ್ ಪಕ್ಕ ನೀರು ನಿಲ್ಲುವುದು ಎಲ್ಲಿ, ಸರ್ವಿಸ್ ರಸ್ತೆಯ ಕೆಂಪು ಮಣ್ಣು ಹೆದ್ದಾರಿಗೆ ತೊಳೆದು ಬರುವುದು ಎಲ್ಲಿ, ಯಾವ ಯು-ಟರ್ನ್ ಬಾಯಿಯಲ್ಲಿ ಸ್ಕೂಟರಿನವರು ದಿಢೀರ್ ನುಗ್ಗುತ್ತಾರೆ. ಒಳದಾರಿಗಳದ್ದು ಬೇರೆಯೇ ಪಟ್ಟಿ. ಮರದ ನೆರಳಿನ ಕಾಂಕ್ರೀಟ್ ರಸ್ತೆಗಳಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಬ್ರೇಕ್ ಹಾಕಿದರೆ ಎಬಿಎಸ್ಸೂ ಕೈಚೆಲ್ಲುತ್ತದೆ.

ಕಾಲವನ್ನೂ ಆ ಪುಸ್ತಕದಲ್ಲಿ ಸೇರಿಸಿ. ತಿಂಗಳುಗಟ್ಟಲೆ ಕೂತ ಧೂಳು, ಆಯಿಲ್ ಮೊದಲ ಮಳೆಯ ಹನಿಗೆ ಲೋಳೆಯಾಗಿ ಮೇಲೇಳುತ್ತದೆ. ಧಾರಾಕಾರ ಸುರಿದು ತೊಳೆದುಹೋದ ಮೇಲೆ ರಸ್ತೆ ವಾಸಿ. ಆಮೇಲೆ ಮೀನಿನ ಲಾರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆಯ ಲಾರಿಗಳ ಓಡಾಟ ಕಡಿಮೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿಯುತ್ತವೆ, ಮಳೆ ಇನ್ನೂ ನಿಂತಿರುವುದಿಲ್ಲ, ಲಾರಿಯಿಂದ ಸೋರುವ ಮೀನಿನ ಎಣ್ಣೆ ನೀರು ತಿರುವುಗಳಲ್ಲಿ ಚೆಲ್ಲತೊಡಗುತ್ತದೆ. ಮೂಗಿಗೆ ವಾಸನೆ ಬಂದರೆ ಕಾಲು ಹಿಂದಕ್ಕೆ ಬರಲಿ. ಬೈಕಿನವರಿಗಂತೂ ಇದು ದುಪ್ಪಟ್ಟು ಅನ್ವಯ.

ಕಾಣುವುದರ ಬಗ್ಗೆ ಎರಡು ಮಾತು. ಕಡಲಂಚಿನ ಊರುಗಳಲ್ಲಿ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಕೂರುತ್ತದೆ. ವೈಪರ್ ಒರೆಸಿದಷ್ಟೂ ಮಂಜುಮಂಜು. ಪಾತ್ರೆ ತೊಳೆಯುವ ದ್ರವ ಹಚ್ಚಿ ತೊಳೆದರೆ ಹೋಗುತ್ತದೆ. ಒಳಗಡೆ ಗಾಜು ಮಬ್ಬಾದರೆ ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಸೆಕೆ ಇಲ್ಲವೆಂದು ಎಸಿ ಆಫ್ ಮಾಡಿ ಕರ್ಚೀಫಿನಲ್ಲಿ ಒರೆಸುತ್ತಾ ಹೋಗುವುದಲ್ಲ. ಇನ್ನು ಹಜಾರ್ಡ್ ಲೈಟ್. ರೇಸ್ ಕಾರಿನ ಹಿಂದೆ ಮಳೆಯಲ್ಲಿ ಕೆಂಪು ದೀಪ ಮಿಣುಕುವುದನ್ನು ನೋಡಿ ಬಂದದ್ದೋ ಏನೋ, ಜೋರು ಮಳೆ ಬಂದರೆ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸುವ ಚಾಳಿ ನಮ್ಮಲ್ಲಿ ಹಬ್ಬಿದೆ. ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಲೇನ್ ಬದಲಿಸುತ್ತೀರೋ, ಹಿಂದಿನವನಿಗೆ ಯಾವುದೂ ತಿಳಿಯುವುದಿಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿದರೆ ಹಿಂದಿನ ಕೆಂಪು ದೀಪವೂ ಉರಿಯುತ್ತದೆ. ಹಜಾರ್ಡ್ ಇರುವುದು ಕೆಟ್ಟು ನಿಂತಾಗ.

ಕೆಟ್ಟು ನಿಂತ ವಾಹನದ ಮಾತು ಬಂದಾಗ 2014ರ ಅಕ್ಟೋಬರ್ 5ನ್ನು ನೆನೆಯಲೇಬೇಕು. ಜಪಾನಿನ ಸುಜುಕಾದ ಫಾರ್ಮುಲಾ ಒನ್ ರೇಸಿನಲ್ಲಿ ಮಳೆಯ ನಡುವೆ ಒಂದು ಕಾರು ಜಾರಿ ಹೊರಬಿದ್ದಿತ್ತು. ಹಳದಿ ಬಾವುಟ ಬೀಸುತ್ತಿದ್ದರು, ಕಾರನ್ನು ಎತ್ತಲು ಕ್ರೇನ್ ಬಂದಿತ್ತು. ಮರುಸುತ್ತಿನಲ್ಲಿ ಫ್ರಾನ್ಸಿನ ಜೂಲ್ಸ್ ಬಿಯಾಂಕಿಯ ಕಾರು ಅದೇ ಜಾಗದಲ್ಲಿ ಜಾರಿ ಆ ಕ್ರೇನಿಗೇ ಅಪ್ಪಳಿಸಿತು. ಒಂಬತ್ತು ತಿಂಗಳು ಪ್ರಜ್ಞೆ ಇಲ್ಲದೆ ಮಲಗಿದ್ದ ಆತ 2015ರ ಜುಲೈನಲ್ಲಿ ತೀರಿಕೊಂಡ. ಆಮೇಲೆ ಅಪಾಯದ ಹೊತ್ತಿನಲ್ಲಿ ಎಲ್ಲ ಕಾರುಗಳ ವೇಗವನ್ನೂ ಒಟ್ಟಿಗೆ ಇಳಿಸುವ ವರ್ಚುವಲ್ ಸೇಫ್ಟಿ ಕಾರ್ ಎಂಬ ಪದ್ಧತಿ ಬಂತು. ಒಂದು ಕಾರು ಜಾರಿದ ಜಾಗದಲ್ಲಿ ಇನ್ನೊಂದೂ ಜಾರುತ್ತದೆ, ಕಾರಣ ಆ ರಸ್ತೆಯಲ್ಲೇ ಇದೆ. ಹೆದ್ದಾರಿಯಲ್ಲಿ ಮಗುಚಿದ ಟೆಂಪೊ, ಸುತ್ತ ಜನ ಕಂಡರೆ ಏನಾಯಿತೆಂದು ಕತ್ತು ಹೊರಳಿಸುವ ಮೊದಲು ವೇಗ 30ಕ್ಕೆ ಇಳಿಯಬೇಕು. ಸಹಾಯಕ್ಕೆ ನಿಲ್ಲುವುದಾದರೆ ಘಟನೆಯ ಜಾಗ ದಾಟಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಬಂದವರು ರಸ್ತೆಯ ಮೇಲೆ ಗುಂಪುಗೂಡಬೇಡಿ.

ರೇಸನ್ನೇ ನಿಲ್ಲಿಸುವುದೂ ಉಂಟು. 2021ರ ಬೆಲ್ಜಿಯಂ ಗ್ರ್ಯಾನ್ ಪ್ರಿಯಲ್ಲಿ ಮಳೆ ಬಿಡದೆ, ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹಾಕಿ ಕೈಬಿಟ್ಟರು, ಅರ್ಧ ಅಂಕ ಹಂಚಿದರು. ಜಗತ್ತಿನ ಅತ್ಯುತ್ತಮ ಚಾಲಕರು, ಮಳೆಗೆಂದೇ ತಯಾರಿಸಿದ ಟೈರು, ಎದುರು ಬರುವ ವಾಹನವಿಲ್ಲ, ಆದರೂ ಬೇಡ ಎಂದರು. ನಮಗೆ ಪಡುಬಿದ್ರಿಯಲ್ಲೋ ಕಾಪುವಿನಲ್ಲೋ ಬದಿಗೆ ನಿಲ್ಲಿಸಿ ‘ಒಂದು ಚಾ ಕುಡಿದು ಹೋಗುವ’ ಎನ್ನಲು ಯಾವ ಸಂಘಟಕರ ಅಪ್ಪಣೆಯೂ ಬೇಕಿಲ್ಲ. ನಿಂತ ನೀರಿಗೂ ಇದೇ ನೀತಿ. ಆಳ ಗೊತ್ತಿಲ್ಲದ ನೀರಿಗೆ ಕಾರು ಇಳಿಸಬೇಡಿ. ಇಳಿಸಿ ನಡುವೆ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಂಜಿನ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಟ್ ಸೇರಿಸದ ಮಾಮೂಲಿ ಪಾಲಿಸಿಯಲ್ಲಿ ಆ ಖರ್ಚು ಸಿಗುವುದು ಕಷ್ಟ. ನೀರು ದಾಟಿ ಬಂದ ಮೇಲೆ ನಿಧಾನದಲ್ಲಿ ಎರಡು ಮೂರು ಸಲ ಬ್ರೇಕ್ ಮೆಲ್ಲನೆ ಒತ್ತಿ ಡಿಸ್ಕ್ ಒಣಗಿಸಿ.

ಓಡಿಸುವ ಆಸೆ ಇದ್ದವರಿಗೆ

ಇಷ್ಟು ಓದಿ ನಿಜವಾಗಿಯೂ ಮಳೆಯಲ್ಲಿ ವೇಗ ನೋಡಬೇಕೆನಿಸಿದರೆ ರಾತ್ರಿ ಖಾಲಿ ಹೆದ್ದಾರಿ ಅದಕ್ಕಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ವಿಮೆಯೂ ಸಿಗುವುದಿಲ್ಲ. ಸಂಘಟಿತ ಸ್ಪರ್ಧೆಯಲ್ಲಿ ಆದ ಹಾನಿಗೂ ಸಾಮಾನ್ಯ ಕಾರು ಪಾಲಿಸಿ ಹಣ ಕೊಡುವುದಿಲ್ಲ, ಅದು ಮೊದಲೇ ತಿಳಿದಿರಲಿ.

ಭಾರತದಲ್ಲಿ ಈ ಕ್ರೀಡೆಯ ಮೇಲ್ವಿಚಾರಣೆ ಎಫ್‌ಎಂಎಸ್‌ಸಿಐ ಸಂಸ್ಥೆಯದು. ಅದರ ಮಾನ್ಯತೆ ಇರುವ ಆಟೋಕ್ರಾಸೋ ಟಿಎಸ್‌ಡಿ ರ‍್ಯಾಲಿಯೋ ಹುಡುಕಿ. ಟಿಎಸ್‌ಡಿಯಲ್ಲಿ ವೇಗಕ್ಕೆ ಅಂಕವಿಲ್ಲ, ನಿಗದಿಪಡಿಸಿದ ಸರಾಸರಿ ವೇಗದಲ್ಲಿ ಸರಿಯಾದ ಸಮಯಕ್ಕೆ ತಲುಪಿದರೆ ಗೆಲುವು. ಮೊದಲ ಸಲಕ್ಕೆ, ಮನೆಯ ಕಾರಿಗೆ, ಹೆಂಡತಿಯೋ ಗಂಡನೋ ನ್ಯಾವಿಗೇಟರ್ ಆಗಿ ಕೂರಲು ಅದೇ ವಾಸಿ, ಜಗಳಕ್ಕೆ ಸಿದ್ಧರಿದ್ದರೆ. ಆಟೋಕ್ರಾಸಿಗೆ ಹೋದರೆ ಓಡಿಸುವ ಮೊದಲು ಸ್ಕ್ರುಟಿನಿ ಇರುತ್ತದೆ. ಹೆಲ್ಮೆಟ್, ಸೀಟ್ ಬೆಲ್ಟ್ ನೋಡುತ್ತಾರೆ, ಬ್ಯಾಟರಿಯನ್ನು ಅಲ್ಲಾಡಿಸಿ ನೋಡುತ್ತಾರೆ, ಕಾರಿನೊಳಗಿನ ಬಿಡಿ ವಸ್ತುಗಳನ್ನೆಲ್ಲ ತೆಗೆಸುತ್ತಾರೆ. ದಿನದ ಓಡಾಟಕ್ಕೂ ಇದೇ ಪಾಠ: ಸೀಟಿನಡಿಯ ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡರೆ ಬ್ರೇಕೇ ಇಲ್ಲ. ಒದ್ದೆ ಕೊಡೆ ಕೂಡ ಹಾಗೇ ಉರುಳುತ್ತದೆ, ಅದನ್ನು ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಅಡ್ಡ ಇಡಿ. ಕಾರು ಹತ್ತುವ ಮೊದಲು ಚಪ್ಪಲಿಯ ಅಡಿ ಒರೆಸಿಕೊಳ್ಳಿ. ಹವಾಯಿ ಚಪ್ಪಲಿ ಆಗಿದ್ದರೆ ಕಳಚಿ ಪಕ್ಕಕ್ಕಿಟ್ಟು, ಹಿಂದೆ ಪಟ್ಟಿ ಇರುವ ಬೇರೆ ಜೊತೆಯನ್ನು ಕಾರಿನಲ್ಲೇ ಇಟ್ಟುಕೊಳ್ಳಿ.